ಖೋಲಿ ಪಾಲಾಗ್ತಾವ, ಬಾಗಿಲು ಪಾಲಾಗಂಗಿಲ್ಲ

ಇವತ್ತು ಹೊಲದ ಮಾತಲ್ಲ, ಮನಿ ಮಾತು. ಸ್ವಲ್ಪ ಉದ್ದ ಐತಿ, ಪೂರಾ ಓದ್ರಿ.

ತಿಕೋಟಾ, ಬಬಲೇಶ್ವರ ಕಡೆ ಹಳ್ಳಿಗಳಾಗ, ವಿಜಯಪುರದ ಹಳೇ ಓಣಿಗಳಾಗ ಇಂಥ ಮನಿ ನಾನು ಬಹಳ ನೋಡೀನಿ. ಹೊರಗಿಂದ ಒಂದೇ ವಾಡೆ, ಒಂದೇ ತಲಬಾಗಿಲು. ಒಳಗ ಹೋದ್ರ ಮೂರು ಒಲಿ, ಮೂರು ಕರೆಂಟ್ ಮೀಟರ್, ಅಂಗಳದ ನಡುವ ಒಂದು ಗ್ವಾಡಿ. ವಾಟ್ನಿ ಆಗೋ ದಿನ ಹಿರಿಯರು ಕುಂತು ಪಡಸಾಲಿ, ಅಡಗಿಮನಿ, ದನದ ಕೊಟ್ಟಿಗಿ ಎಲ್ಲಾ ಟೇಪ್ ಹಿಡಿದು ಅಳೀತಾರ. ತಲಬಾಗಿಲು ಯಾರದು, ಬಾವಿ ಯಾರದು, ಮಾಳಿಗಿ ನೀರು ಯಾವ ಕಡೆ ಬೀಳಬೇಕು ಅನ್ನೋದನ್ನ ಮಾತ್ರ ಯಾರೂ ಬರೆಯಂಗಿಲ್ಲ. ಜಗಳ ಹುಟ್ಟೋದು ಅಲ್ಲೇ.

ಈ ಜಗಳ ಹೊಸಾದಲ್ಲ. ಸುಮಾರು 900 ವರ್ಷದ ಹಿಂದ ನಮ್ಮ ಸೀಮೆಯ ಒಬ್ಬ ಪಂಡಿತ ಇದಕ್ಕ ಉತ್ತರ ಬರೆದಿಟ್ಟಾನ. ಅವನೇ ವಿಜ್ಞಾನೇಶ್ವರ. ಕಲ್ಯಾಣದ, ಅಂದ್ರ ಈಗಿನ ಬಸವಕಲ್ಯಾಣದ, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದವನು. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವಿವರಣೆಯೇ ‘ಮಿತಾಕ್ಷರ’. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಹಂಚಿಕೆ ಇದರ ಆಧಾರದ ಮೇಲೇ ನಡೆಯಿತು. 1810ರಲ್ಲಿ ಕೋಲ್‌ಬ್ರೂಕ್ ಅದರ ಆಸ್ತಿ ಹಂಚಿಕೆಯ ಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳೂ ಅದನ್ನೇ ಹಿಡಿದವು.

ಪಾಲು ಮಾಡಬಾರದ ವಸ್ತುಗಳ ಪಟ್ಟಿ ಅದರಾಗ ಐತಿ. ಬಾವಿಯಂಥ ನೀರಿನ ನೆಲೆ ಸಮನಾಗಿ ಹಂಚಾಕ ಬರದಿದ್ರ ಅದಕ್ಕ ಬೆಲೆ ಕಟ್ಟಿ ಹಂಚಬಾರದು, ಪಾಳಿ ಪ್ರಕಾರ ಬಳಸಬೇಕು. ಮನಿಗೆ, ತೋಟಕ್ಕ ಹೋಗಿಬರೋ ದಾರಿಯನ್ನೂ ಪಾಲು ಮಾಡಬಾರದು. ಯಾಕ ಅಂದ್ರ ಅರ್ಧ ಖೋಲಿಯಾಗ ಬದುಕಬಹುದು, ಅರ್ಧ ಬಾಗಿಲಾಗ ಎತ್ತು ಒಳಗ ಬರಂಗಿಲ್ಲ.

ಆಮ್ಯಾಲೆ ಕಾಯ್ದೆ ಬಂತು. 1882ರ ಈಸ್‌ಮೆಂಟ್ ಕಾಯ್ದೆ ಮುಂಬಯಿ ಪ್ರಾಂತಕ್ಕ 1891ರಲ್ಲಿ ಬಂತು. ಆಗ ನಮ್ಮ ಬಿಜಾಪುರವೂ ಅದೇ ಪ್ರಾಂತದಾಗ ಇತ್ತು. ಅದರ 13ನೇ ಕಲಂ ಪ್ರಕಾರ, ಕೂಡಿದ್ದ ಆಸ್ತಿ ಪಾಲಾದಾಗ ಒಬ್ಬನ ಪಾಲು ಬಳಸಾಕ ಇನ್ನೊಬ್ಬನ ಪಾಲಿನಾಗಿನ ದಾರಿ ಬೇಕೇ ಬೇಕು ಅಂದ್ರ ಆ ಹಕ್ಕು ಅವನಿಗೆ ಉಳೀತೈತಿ. ಆದರ ಬೇರೆ ದಾರಿ ಇಲ್ಲ ಅನ್ನೋ ಕಾರಣಕ್ಕ ಸಿಕ್ಕ ಹಕ್ಕು, ಬೇರೆ ದಾರಿ ಆದ ಮ್ಯಾಲೆ ಹೋಗ್ತೈತಿ. ಅದು 41ನೇ ಕಲಂ. ಹಿಂದಿನ ಗ್ವಾಡಿ ಒಡೆದು ಓಣಿಗೆ ಹೊಸ ಬಾಗಿಲು ಇಟ್ಟವರು ಇದನ್ನ ನೆನಪಿಡಬೇಕು.

‘ನಮ್ಮ ಮುತ್ಯಾನ ಕಾಲದಿಂದ ಇಲ್ಲೇ ಅಡ್ಡಾಡೀವಿ’ ಅನ್ನೋ ಮಾತು ಬಹಳ ಕೇಳ್ತೀವಿ. 15ನೇ ಕಲಂ ಪ್ರಕಾರ ತಡೆಯಿಲ್ಲದ, ಬಹಿರಂಗವಾದ, ಹಕ್ಕಿನಿಂದ ನಡೆದ 20 ವರ್ಷದ ಬಳಕೆ ಬೇಕು. ಕೂಡಿದ್ದಾಗ ಅಡ್ಡಾಡಿದ್ದು ಇದರ ಲೆಕ್ಕಕ್ಕ ಬರಂಗಿಲ್ಲ, ಆಗ ಅದು ನಿಮ್ಮದೇ ಜಾಗ. ಲೆಕ್ಕ ಶುರು ಆಗೋದು ವಾಟ್ನಿ ಆದ ಮ್ಯಾಲೆ. ಅಪ್ಪಣೆ ಕೇಳಿ ಅಡ್ಡಾಡಿದ್ರೂ ಅದು ಹಕ್ಕಾಗಂಗಿಲ್ಲ.

ಈಗ ಪಾಲುದಾರರೂ ಹೆಚ್ಚಾಗ್ಯಾರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಂ ಪ್ರಕಾರ, ಗಂಡು ವಾರಸುದಾರರು ಪಾಲಾಗೋತನಕ ಹೆಣ್ಣುಮಕ್ಕಳು ವಾಸದ ಮನಿಯಾಗ ಪಾಲು ಹಾಕ್ರಿ ಅಂತ ಕೇಳಾಕ ಬರ್ತಿರಲಿಲ್ಲ. 2005ರಲ್ಲಿ ಆ ಕಲಂ ತೆಗೆದರು. ಅದು ನ್ಯಾಯವೇ. ಆದರ ಒಂದೇ ತಲಬಾಗಿಲಿಗೆ ಪಾಲುದಾರರು ಹೆಚ್ಚಾದಷ್ಟೂ ಬರವಣಿಗೆ ಚೊಕ್ಕ ಇರಬೇಕು.

ಅದಕ್ಕ ನನ್ನ ಮಾತು ಇಷ್ಟೇ. ವಾಟ್ನಿ ಪತ್ರದಾಗ ಖೋಲಿಗಿಂತ ಮೊದಲು ಕೂಡಿ ಬಳಸೋದನ್ನ ಬರೆಸ್ರಿ: ತಲಬಾಗಿಲು, ಅಂಗಳದಾಗಿನ ದಾರಿ ಎಷ್ಟು ಫೂಟು ಅಗಲ, ಮಾಳಿಗಿ ನೀರು ಬೀಳೋ ಕಡೆ, ಬಚ್ಚಲ ನೀರು ಹೋಗೋ ಗಟಾರ, ಬಾವಿ ಪಾಳಿ, ನಡುವಿನ ಗ್ವಾಡಿ ಬಿದ್ರ ಕಟ್ಟಿಸೋ ಖರ್ಚು. ನಕ್ಷೆ ಹಚ್ಚಿ ನೋಂದಣಿ ಮಾಡಿಸ್ರಿ. ಬಾಂಡ್ ಪೇಪರ್ ಮ್ಯಾಲೆ ಬರೆದು ಪೆಟ್ಟಿಗಿಯಾಗ ಇಟ್ಟರ ಕೋರ್ಟಿನಾಗ ನಿಲ್ಲೋದು ಕಷ್ಟ.

ಅಣ್ಣ ತಮ್ಮಂದಿರು ಬ್ಯಾರೆ ಆಗೋದು ತಪ್ಪಲ್ಲ. ಮಾತು ಚಂದ ಇದ್ದಾಗ ಬರೆಯದ ಕಾಗದ, ಮಾತು ಕೆಟ್ಟ ಮ್ಯಾಲೆ ಯಾರೂ ಬರೆಯಂಗಿಲ್ಲ. ನಿಮ್ಮ ಊರಾಗ ಬಾಗಿಲು, ಬಾವಿ ಜಗಳ ಚಂದಂಗ ಬಗೆಹರಿದಿದ್ರ ಹೆಂಗ ಬಗೆಹರೀತು ಅಂತ ಕೆಳಗ ಬರೀರಿ, ನಾಲ್ಕು ಮಂದಿಗೆ ಉಪಯೋಗ ಆಗ್ತೈತಿ.