ಕಪ್ಪು ಚುಕ್ಕೆಯಿಂದ ಎಲ್‌ಇಡಿವರೆಗೆ: ಹಳೆ ಕಾರಿನ ಹೆಡ್‌ಲೈಟ್ ಚರಿತ್ರೆ

ರಾಜಘಟ್ಟದ ಚರಿತ್ರೆ ಎಂದರೆ ಅಲ್ಲಿ ಅಗೆದಾಗ ಸಿಕ್ಕ ಬೌದ್ಧ ಚೈತ್ಯ ಮತ್ತು ಮಣ್ಣಿನ ಪುಟ್ಟ ಸ್ತೂಪಗಳ ಕಥೆ ಎಂದೇ ಎಲ್ಲರೂ ಬರೆಯುತ್ತಾರೆ. ನಾವು ಈ ಸಲ ಅಷ್ಟು ಹಿಂದಕ್ಕೆ ಹೋಗುತ್ತಿಲ್ಲ. ವಿಷಯ ಹಳೆ ಕಾರಿನ ಹೆಡ್‌ಲೈಟು. ರಾತ್ರಿ ಎಂಟರ ಮೇಲೆ ದೊಡ್ಡಬಳ್ಳಾಪುರದಿಂದ ಬೈಕಿನಲ್ಲಿ ಊರಿಗೆ ಮರಳುವವರನ್ನು ಕೇಳಿ, ಇದು ಚಿಕ್ಕ ವಿಷಯವಲ್ಲ ಎನ್ನುತ್ತಾರೆ. ಎದುರಿನ ಗಾಡಿಯ ಬಿಳಿ ಬೆಳಕು ಕಣ್ಣಿಗೆ ಹೊಡೆದ ಆ ಎರಡು ಕ್ಷಣ ರಸ್ತೆಯ ಅಂಚು, ಗುಂಡಿ, ಹಾಲು ಹಾಕಿ ನಡೆದು ಬರುತ್ತಿರುವ ಹೆಂಗಸು, ಯಾವುದೂ ಕಾಣುವುದಿಲ್ಲ. ನಾವು ಕಳಿಸುವ ಅಪಘಾತದ ಸುದ್ದಿಗಳಲ್ಲಿ ‘ಅತಿವೇಗ, ಅಜಾಗರೂಕತೆ’ ಎಂಬ ಎರಡು ಪದ ಖಾಯಂ. ಬೆಳಕಿನ ಮಾತು ಬರುವುದು ಅಪರೂಪ.

ಮೋಟಾರು ಬಂದ ಕಾಲಕ್ಕೆ ಕಾರಿನ ಮುಂದೆ ಉರಿಯುತ್ತಿದ್ದದ್ದು ಕಾರ್ಬೈಡ್ ದೀಪ. ಕಾರ್ಬೈಡ್ ಕಲ್ಲಿನ ಮೇಲೆ ನೀರು ತೊಟ್ಟಿಕ್ಕಿಸಿ, ಹುಟ್ಟುವ ಗ್ಯಾಸಿಗೆ ಬೆಂಕಿ ಹಚ್ಚಬೇಕಿತ್ತು. ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನಲ್ಲಿ ಬೀದಿ ದೀಪ ಬೆಳಗಿದ್ದು 1905ರಲ್ಲಿ. ಅಮೆರಿಕದ ಕ್ಯಾಡಿಲಾಕ್ ಕಂಪನಿ ವಿದ್ಯುತ್ ಸ್ಟಾರ್ಟರ್ ಮತ್ತು ದೀಪಗಳನ್ನು ಒಟ್ಟಿಗೆ ಕೊಟ್ಟದ್ದು 1912ರ ಮಾದರಿಯಲ್ಲಿ. ನಮ್ಮ ಹಳ್ಳಿ ರಸ್ತೆಗಳಲ್ಲಿ ಆಮೇಲೂ ಎಷ್ಟೋ ಕಾಲ ಓಡಾಡಿದ್ದು ಎತ್ತಿನ ಗಾಡಿ, ಅದರ ಅಡಿಯಲ್ಲಿ ತೂಗಾಡುವ ಲಾಂದ್ರ. ಆ ಲಾಂದ್ರ ಇದ್ದದ್ದು ದಾರಿ ನೋಡುವುದಕ್ಕಿಂತ ಹೆಚ್ಚಾಗಿ, ಇಲ್ಲೊಂದು ಗಾಡಿ ಬರುತ್ತಿದೆ ಎಂದು ಎದುರಿನವರಿಗೆ ತಿಳಿಯಲಿ ಎಂದು.

ಕಾರಿನ ದೀಪ ಪ್ರಖರವಾದಷ್ಟೂ ಎದುರಿನವರ ಕಷ್ಟ ಹೆಚ್ಚಿತು. 1925ರಲ್ಲಿ ಜರ್ಮನಿಯ ಒಸ್ರಾಮ್ ತಂದ ‘ಬೈಲಕ್ಸ್’ ಬಲ್ಬು ಇದಕ್ಕೊಂದು ದಾರಿ ಮಾಡಿತು. ಒಂದೇ ಬಲ್ಬಿನಲ್ಲಿ ಎರಡು ತಂತಿ, ಒಂದು ಬ್ರೈಟಿಗೆ, ಇನ್ನೊಂದು ಡಿಮ್ಮಿಗೆ. ಡಿಮ್ ತಂತಿಯ ಕೆಳಗೆ ಲೋಹದ ಪುಟ್ಟ ಬಟ್ಟಲು. ಕೆಳಮುಖವಾಗಿ ಹೋಗುವ ಬೆಳಕನ್ನು ಆ ಬಟ್ಟಲು ತಡೆಯುವುದರಿಂದ ರಿಫ್ಲೆಕ್ಟರಿನ ಮೇಲರ್ಧ ಮಾತ್ರ ಕೆಲಸ ಮಾಡಿ, ಬೆಳಕು ನೆಲಕ್ಕೆ ಬೀಳುತ್ತದೆ. ಈ ಬಟ್ಟಲನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ಜಿಲ್ಲೆಯ ಹಿರಿಯ ಡ್ರೈವರುಗಳಿಗೆ ನೆನಪಿರುವುದು 7 ಇಂಚಿನ ಗುಂಡು ಲೈಟು. ಅಂಬಾಸಿಡರ್, ಮಹೀಂದ್ರಾ ಜೀಪು, ಬುಲೆಟ್ ಬೈಕು, ಎಲ್ಲಕ್ಕೂ ಅದೇ ಅಳತೆ. ಒಂದರ ಗಾಜು ಒಡೆದರೆ ಇನ್ನೊಂದರದ್ದು ಹುಡುಕಿ ಕೂರಿಸಬಹುದಿತ್ತು. ಡಿಮ್ ಮಾಡಲು ಕ್ಲಚ್ ಪಕ್ಕದಲ್ಲಿ ಕಾಲಲ್ಲಿ ಒತ್ತುವ ಸ್ವಿಚ್ಚು. ಆಲ್ಟರ್ನೇಟರ್ ಬರುವ ಮೊದಲು ಡೈನಮೋ ಇದ್ದ ಗಾಡಿಗಳಲ್ಲಿ ಎಂಜಿನ್ ನಿಧಾನವಾದರೆ ಲೈಟೂ ಮಂಕು. ಏರಿನಲ್ಲಿ ಬೆಳಕು ಬೇಕೆಂದರೆ ಆಕ್ಸಿಲರೇಟರ್ ತುಳಿಯಬೇಕು. 1971ರ ಯುದ್ಧದ ಬ್ಲ್ಯಾಕ್‌ಔಟ್ ದಿನಗಳಲ್ಲಿ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿಯಲಾಗುತ್ತಿತ್ತು. ಯುದ್ಧ ಮುಗಿದ ಮೇಲೂ ಗಾಜಿನ ನಡುವಿನ ಕಪ್ಪು ಚುಕ್ಕೆ ಬಹಳ ವರ್ಷ ಉಳಿಯಿತು, ಎದುರಿನವರ ಕಣ್ಣು ಕುಕ್ಕದಿರಲಿ ಎಂದು. ಒರಟು ಉಪಾಯವೇ. ಆದರೂ ಎದುರಿನವರನ್ನು ಲೆಕ್ಕಕ್ಕೆ ತೆಗೆದುಕೊಂಡ ಉಪಾಯ ಎಂದು ನಮಗೆ ಅನ್ನಿಸುತ್ತದೆ.

ಎಚ್4 ಹ್ಯಾಲೊಜೆನ್ ಬಲ್ಬು ಯುರೋಪಿನಲ್ಲಿ ಬಂದದ್ದೂ 1971ರಲ್ಲೇ. ಬ್ರೈಟ್ 60 ವಾಟ್, ಡಿಮ್ 55 ವಾಟ್. ಹಳೆ ಬಲ್ಬು 45/40. ಹಳೆ ಕಾರಿಗೆ ಎಚ್4 ಹಾಕಿಸುವುದು ಇಲ್ಲಿಂದ ಶುರುವಾದ ಆಸೆ. ಅದಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿ ಸಾಲಿಗೆ ಹೋಗುವವರು ಈಗಲೂ ಇದ್ದಾರೆ. ಅಷ್ಟಕ್ಕೆ ತೃಪ್ತಿಯಾಗದವರು 100/90 ಕೇಳಿದರು. ಲೆಕ್ಕ ಸರಳ: 12 ವೋಲ್ಟಿನಲ್ಲಿ 100 ವಾಟಿನ ಎರಡು ಬಲ್ಬು ಉರಿಯಲು 16 ಆಂಪಿಯರ್‌ಗೂ ಹೆಚ್ಚು ಕರೆಂಟು ಹರಿಯಬೇಕು. ಅರ್ಧದಷ್ಟಕ್ಕೆ ಮಾಡಿದ ತಂತಿ, ಸ್ವಿಚ್ಚು ಅದನ್ನು ತಡೆಯವು. ಹೋಲ್ಡರ್ ಕರಗುತ್ತದೆ, ವೈರಿಂಗ್ ವಾಸನೆ ಬರುತ್ತದೆ.

ಹಳೆ ಕಾರಿನ ಲೈಟು ಮಂಕಾಗಲು ಬಲ್ಬೊಂದೇ ಕಾರಣವಲ್ಲ. ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಲೈಟಿಗೆ ಸುತ್ತಿ ಬರುವ ತೆಳು ತಂತಿ, ತುಕ್ಕು ಹಿಡಿದ ಅರ್ಥಿಂಗ್, ಎಲ್ಲ ಸೇರಿ ವೋಲ್ಟೇಜ್ ತಿನ್ನುತ್ತವೆ. ಬಲ್ಬಿಗೆ ತಲುಪುವ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಇಳಿಯುವುದು ಸುಮಾರು ಶೇ. 30. ಹಾಗಾಗಿ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಮೊದಲು ಮೀಟರ್ ಹಿಡಿದು ನೋಡುತ್ತಾನೆ. ಬ್ಯಾಟರಿಯಿಂದ ಫ್ಯೂಸ್ ಸಮೇತ ದಪ್ಪ ತಂತಿ ಎಳೆದು, ನಡುವೆ ರಿಲೇ ಕೂರಿಸುತ್ತಾನೆ. ಆಮೇಲೆ ಹಳೆ ಸ್ವಿಚ್ಚಿಗೆ ರಿಲೇಗೆ ಸನ್ನೆ ಕೊಡುವುದಷ್ಟೇ ಕೆಲಸ. ಬೆಳ್ಳಿ ಬಣ್ಣ ಹೋದ ರಿಫ್ಲೆಕ್ಟರ್ ಬದಲಿಸಿ, ಅದೇ 60/55 ಬಲ್ಬು ಹಾಕಿದರೂ ರಸ್ತೆ ಬೇರೆಯಾಗಿ ಕಾಣುತ್ತದೆ.

ಈಗಿನ ಗೀಳು ಎಲ್‌ಇಡಿ. ಕಾರ್ಖಾನೆಯಲ್ಲೇ ಎಲ್‌ಇಡಿ ಹೆಡ್‌ಲೈಟ್ ಇಟ್ಟು ಬಂದ ಮೊದಲ ಕಾರು 2007ರ ಲೆಕ್ಸಸ್. ಅದರ ಲೆನ್ಸು, ರಿಫ್ಲೆಕ್ಟರ್ ಎಲ್ಲ ಎಲ್‌ಇಡಿಗೆಂದೇ ಮಾಡಿದ್ದು. ಇಪ್ಪತ್ತು ವರ್ಷದ ಕಾರಿನ ಹ್ಯಾಲೊಜೆನ್ ಡೂಮಿಗೆ ಅಗ್ಗದ ಎಲ್‌ಇಡಿ ಬಲ್ಬು ತುರುಕುವುದು ಬೇರೆಯೇ ಮಾತು. ತಂತಿ ಇರಬೇಕಾದ ಜಾಗದಲ್ಲಿ ಚಿಪ್ಪು ಸರಿಯಾಗಿ ಕೂರುವುದಿಲ್ಲ, ಬಟ್ಟಲಿನ ಕೆಲಸವೂ ಕೆಡುತ್ತದೆ. ಬೆಳಕು ನೆಲ ಬಿಟ್ಟು ಎದುರಿನವರ ಮುಖಕ್ಕೆ ಹೋಗುತ್ತದೆ. ಒಳಗೆ ಕೂತವನಿಗೆ ಮಾತ್ರ ಹಬ್ಬ. ನಂದಿ ಬೆಟ್ಟದ ಕಡೆಯ ಮಂಜಿನಲ್ಲಿ ಅವನಿಗೂ ಬಿಳಿ ಗೋಡೆಯೇ ಕಾಣುವುದು.

ಕಾನೂನು ಹಳೆಯದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣು ಕುಕ್ಕಬಾರದು. ಕರ್ನಾಟಕ ಪೊಲೀಸರು 2024ರ ಜುಲೈ 1ರಿಂದ ಕಣ್ಣು ಕುಕ್ಕುವ ಎಲ್‌ಇಡಿ ವಿರುದ್ಧ ಕೇಸು ಹಾಕಲು ಹೊರಟಾಗ ನಮ್ಮಲ್ಲಿ ಹಲವರಿಗೆ ಸಮಾಧಾನವಾಯಿತು. ಹೆದ್ದಾರಿಯಲ್ಲಿ ತಪಾಸಣೆ ಸರಿ, ರಾಜಘಟ್ಟದಂಥ ಒಳರಸ್ತೆಗೆ ಅದು ಎಷ್ಟು ಸಲ ಬರುತ್ತದೆ ಎನ್ನುವುದು ನಮ್ಮ ಪ್ರಶ್ನೆ.

ಅಷ್ಟರಲ್ಲಿ ಖರ್ಚಿಲ್ಲದ ಒಂದು ಕೆಲಸವಿದೆ. ಸಮತಟ್ಟಾದ ಜಾಗದಲ್ಲಿ ಕಾರನ್ನು ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ, ಲೈಟಿನ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಡಿಮ್ ಬೆಳಕಿನ ಮೇಲಂಚು ಗೆರೆಗಿಂತ ಸ್ವಲ್ಪ ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ. ಬೆಳಗಿನ ಜಾವ ಹೂವು, ತರಕಾರಿ ಮೂಟೆ ಡಿಕ್ಕಿಗೆ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುವವರು ಮೂಟೆ ಹೇರಿಯೇ ಇದನ್ನು ನೋಡಬೇಕು. ಹಿಂದೆ ತೂಕ ಬಿದ್ದರೆ ಕಾರಿನ ಮೂತಿ ಮೇಲೇಳುತ್ತದೆ.