ಮೈತೂಕದ ಪೂರ್ವಗ್ರಹ: ತಿಳಿವಳಿಕೆಯೊಂದೇ ಸಾಕೇ?

1961ರಲ್ಲಿ ಸಂಶೋಧಕ ಸ್ಟೀಫನ್ ರಿಚರ್ಡ್‌ಸನ್ ಮತ್ತು ಸಂಗಡಿಗರು ಅಮೆರಿಕದ ಹತ್ತು, ಹನ್ನೊಂದು ವರ್ಷದ ಮಕ್ಕಳ ಮುಂದೆ ಆರು ಚಿತ್ರಗಳನ್ನಿಟ್ಟರು. ಒಂದರಲ್ಲಿ ಯಾವ ಊನವೂ ಇಲ್ಲದ ಮಗು. ಉಳಿದವುಗಳಲ್ಲಿ ಊರುಗೋಲು ಹಿಡಿದ, ಗಾಲಿಕುರ್ಚಿಯಲ್ಲಿ ಕೂತ, ಒಂದು ಕೈ ಇಲ್ಲದ, ಮುಖ ವಿರೂಪಗೊಂಡ ಮಕ್ಕಳು, ಜೊತೆಗೆ ಒಂದು ದಪ್ಪ ಮಗು. ನಿಮಗೆ ಇಷ್ಟವಾದ ಕ್ರಮದಲ್ಲಿ ಜೋಡಿಸಿ ಎಂದಾಗ ದಪ್ಪ ಮಗುವಿನ ಚಿತ್ರ ಕೊನೆಗೆ ಬಿತ್ತು. ಜಾನೆಟ್ ಲ್ಯಾಟ್ನರ್ ಮತ್ತು ಆಲ್ಬರ್ಟ್ ಸ್ಟಂಕಾರ್ಡ್ ಇದೇ ಪ್ರಯೋಗವನ್ನು 2001ರಲ್ಲಿ ಮತ್ತೆ ನಡೆಸಿದರು. ನಡುವಿನ ನಲವತ್ತು ವರ್ಷಗಳಲ್ಲಿ ಅಮೆರಿಕದಲ್ಲಿ ದಪ್ಪಗಿರುವವರ ಪ್ರಮಾಣ ಬಹಳ ಏರಿತ್ತು. ಆದರೂ ಆ ಚಿತ್ರದ ಮೇಲಿನ ಅನಾದರ ತಗ್ಗಿರಲಿಲ್ಲ, ಹೆಚ್ಚಿತ್ತು. ನೋಡಿ ನೋಡಿ ರೂಢಿಯಾದರೆ ಪೂರ್ವಗ್ರಹ ತಾನೇ ಕರಗುತ್ತದೆ ಎಂಬ ನಂಬಿಕೆಗೆ ಇಲ್ಲಿ ಆಧಾರ ಸಿಗುವುದಿಲ್ಲ.

ಇದು ನಮ್ಮಿಂದ ದೂರದ ಸಂಗತಿಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ‘ಡುಮ್ಮ’, ‘ಡುಮ್ಮಿ’ ಎಂದು ಮನೆಯವರೇ ಕರೆಯುತ್ತಾರೆ; ಮದುವೆ ಮಾತುಕತೆಗೆ ಬಂದವರು ‘ಹುಡುಗಿ ಸ್ವಲ್ಪ ದಪ್ಪ ಆಯ್ತು’ ಎಂದು ಎದ್ದು ಹೋಗುತ್ತಾರೆ. ನಾವು ಇದನ್ನು ಸಲಿಗೆ, ಹಿತವಚನ ಎಂದುಕೊಂಡು ಸುಮ್ಮನಿದ್ದೇವೆ.

ಪೂರ್ವಗ್ರಹದ ಬೇರನ್ನು ಮನಶ್ಶಾಸ್ತ್ರಜ್ಞ ಕ್ರಿಶ್ಚಿಯನ್ ಕ್ರ್ಯಾಂಡಲ್ 1994ರಲ್ಲಿ ಗುರುತಿಸಿದರು: ತೂಕ ಅವರವರ ಕೈಯಲ್ಲೇ ಇದೆ, ದಪ್ಪಗಿರುವುದು ಅವರ ತಪ್ಪು ಎಂಬ ನಂಬಿಕೆ. ಸ್ಟಂಕಾರ್ಡ್ ಅದಕ್ಕೂ ಮೊದಲೇ, 1986ರಲ್ಲಿ, ಡೆನ್ಮಾರ್ಕಿನಲ್ಲಿ ದತ್ತು ಹೋಗಿ ಬೆಳೆದ 540 ಮಂದಿಯ ಅಧ್ಯಯನ ಪ್ರಕಟಿಸಿದ್ದರು. ಅವರ ಮೈಕಟ್ಟು ಹೆತ್ತವರನ್ನು ಹೋಲುತ್ತಿತ್ತೇ ಹೊರತು ಸಾಕಿದವರನ್ನಲ್ಲ. ಹಾಗಾದರೆ ವಂಶವಾಹಿಯ ಪಾತ್ರವನ್ನು ವಿವರಿಸಿದರೆ ಸಾಕಲ್ಲವೇ? ಬೆಥನಿ ಟೀಚ್‌ಮನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಈ ಆಸೆಗೆ ತಣ್ಣೀರೆರಚಿತು. ಅತಿಯಾಗಿ ತಿನ್ನುವುದೇ ಕಾರಣ ಎಂದು ಓದಿದವರಲ್ಲಿ ಒಳಮನಸ್ಸಿನ ತಿರಸ್ಕಾರ ಏರಿತು. ವಂಶವಾಹಿ ಕಾರಣ ಎಂದು ಓದಿದವರಲ್ಲಿ ಅದು ಇಳಿಯಲಿಲ್ಲ. ಟೆಸ್ಸಾ ಚಾರ್ಲ್ಸ್‌ವರ್ತ್ ಮತ್ತು ಮಹಜರೀನ್ ಬಾನಾಜಿ ಒಳಮನಸ್ಸಿನ ಪೂರ್ವಗ್ರಹ ಅಳೆಯುವ ಅಂತರ್ಜಾಲ ಪರೀಕ್ಷೆಗಳ 2007ರಿಂದ 2016ರವರೆಗಿನ ಫಲಿತಾಂಶಗಳನ್ನು ಪರಿಶೀಲಿಸಿದಾಗಲೂ, ಅವರು ನೋಡಿದ ಆರು ಬಗೆಯ ಒಳಪೂರ್ವಗ್ರಹಗಳಲ್ಲಿ ಹೆಚ್ಚುವ ಕಡೆಗೆ ವಾಲಿದ್ದು ತೂಕದ್ದೊಂದೇ.

‘ನಾಲ್ಕು ಮಾತು ಚುಚ್ಚಿದರೆ ಬುದ್ಧಿ ಬರುತ್ತದೆ’ ಎನ್ನುವವರಿಗೂ ಉತ್ತರವಿದೆ. ಆಂಜಲೀನಾ ಸೂಟಿನ್ ಮತ್ತು ಆಂಟೋನಿಯೊ ಟೆರ್ರಾಚಿಯಾನೊ ಅವರ 2013ರ ಅಧ್ಯಯನದಲ್ಲಿ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರು ನಾಲ್ಕು ವರ್ಷಗಳಲ್ಲಿ ಬೊಜ್ಜಿಗೆ ಒಳಗಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಕಂಡಿತು. ಇದು ಗಮನಿಸಿ ನೋಡಿದ ಅಧ್ಯಯನ, ಪ್ರಯೋಗವಲ್ಲ; ಹಾಗಾಗಿ ತಾರತಮ್ಯವೇ ಕಾರಣ ಎಂದು ಖಚಿತವಾಗಿ ಹೇಳಲಾಗದು. ಆದರೂ ಚುಚ್ಚುಮಾತಿನ ಪರವಾಗಿ ಇದರಲ್ಲಿ ಏನೂ ಇಲ್ಲ.

ಹಾಗಾಗಿ ಮನಸ್ಸನ್ನು ತಿದ್ದುವುದಕ್ಕಿಂತ ಮೊದಲು ವ್ಯವಸ್ಥೆಯನ್ನು ತಿದ್ದಬೇಕು ಎಂಬುದು ನನ್ನ ವಾದ. ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಯನ್ನೇ ತೆಗೆದುಕೊಳ್ಳಿ. ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಅಳತೆಯದನ್ನೇ ಸುತ್ತಿದರೆ ಮೇಲಿನ ಸಂಖ್ಯೆ ಸರಾಸರಿ 19.5ರಷ್ಟು ಹೆಚ್ಚು ತೋರುತ್ತದೆ ಎಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗ ಹೇಳುತ್ತದೆ. ಅಂದರೆ 120 ಇರುವವರಿಗೆ 140ರ ಹತ್ತಿರ ಬರಬಹುದು. ಇಲ್ಲದ ಬಿಪಿಗೆ ಮಾತ್ರೆ, ಅದರ ಮೇಲೆ ‘ತೂಕ ಇಳಿಸಿ’ ಎಂಬ ಗದರಿಕೆ. ಪಟ್ಟಿ ಸುತ್ತಿದ ನರ್ಸ್ ಮನಸ್ಸಿನಲ್ಲಿ ಎಳ್ಳಷ್ಟೂ ತಿರಸ್ಕಾರ ಇಲ್ಲದಿದ್ದರೂ ಅನ್ಯಾಯ ಆಗಿಹೋಗಿರುತ್ತದೆ.

ಕಾನೂನಿನ ದಾರಿ ನಿಧಾನದ್ದು. ಅಮೆರಿಕದ ಮಿಷಿಗನ್ ರಾಜ್ಯ 1976ರಲ್ಲೇ ತೂಕದ ತಾರತಮ್ಯವನ್ನು ನಿಷೇಧಿಸಿತು. ನ್ಯೂಯಾರ್ಕ್ ನಗರ ಆ ಹೆಜ್ಜೆ ಇಟ್ಟಿದ್ದು 2023ರಲ್ಲಿ. ನಮ್ಮ ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳನ್ನು ಹೆಸರಿಸುತ್ತದೆ, ತೂಕವನ್ನಲ್ಲ. ಆದರೆ ಎಲ್ಲಾ ಅಳತೆಯ ಬಿಪಿ ಪಟ್ಟಿ, ಕೈ ಇಲ್ಲದ ಅಗಲ ಕುರ್ಚಿ, ನಾಲ್ಕು ಜನರ ಮುಂದೆ ತೂಕ ಕೂಗಿ ಹೇಳದ ಪದ್ಧತಿ – ಇವಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ. ನಮ್ಮ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಹೊರರೋಗಿ ವಿಭಾಗದಿಂದಲೇ ಇದನ್ನು ಆರಂಭಿಸಲಿ.