ದೂರದ ಕಣ್ಣು, ಹತ್ತಿರದ ಕಣ್ಣು

ಬಂದೂಕಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮದ್ದಿನ ಚರಿತ್ರೆಯನ್ನು ಬರೆದಿದ್ದಾರೆ, ಇಲ್ಲವೆ ನಳಿಗೆಯ ಚರಿತ್ರೆಯನ್ನು ಬರೆದಿದ್ದಾರೆ. ಆ ನಳಿಗೆಯ ಹಿಂದಿದ್ದ ಕಣ್ಣಿನ ಚರಿತ್ರೆಯನ್ನು ಬರೆದವರು ವಿರಳ. ಗುಂಡು ಎಷ್ಟು ದೂರ ಹೋಯಿತು ಎಂಬುದಕ್ಕಿಂತ ಹೊಡೆಯುವವನು ಏನನ್ನು ಕಂಡು ಹೊಡೆದನು ಎಂಬುದು ಕಡಿಮೆ ಮುಖ್ಯವಾದ ಪ್ರಶ್ನೆಯಲ್ಲ. ಇಂದು ರೈಫಲ್ ಹಿಡಿಯುವವನ ಮುಂದೆ ಎರಡು ಉಪಕರಣಗಳಿವೆ. ಒಂದು ದುರ್ಬೀನು, ಅದು ದೂರದ ವಸ್ತುವನ್ನು ನಾಲ್ಕು ಮಡಿ, ಹತ್ತು ಮಡಿ ದೊಡ್ಡದಾಗಿಸಿ ತೋರಿಸುತ್ತದೆ. ಇನ್ನೊಂದು ಕೆಂಪು ಚುಕ್ಕೆಯ ಗಾಜು. ಅದು ಏನನ್ನೂ ದೊಡ್ಡದು ಮಾಡುವುದಿಲ್ಲ, ಇದ್ದ ನೋಟದ ಮೇಲೆಯೇ ಬೆಳಕಿನ ಒಂದು ಬಿಂದುವನ್ನಿಟ್ಟು, ಗುಂಡು ಬೀಳುವುದು ಇಲ್ಲಿ ಎಂದು ಹೇಳುತ್ತದೆ. ಇವೆರಡರಲ್ಲಿ ಯಾವುದು ಲೇಸು? ಅಂಗಡಿಯ ಕಟ್ಟೆಯ ಮೇಲೆ ಇತ್ಯರ್ಥವಾಗಬೇಕಾದ ಮಾತೆಂದು ತೋರಬಹುದು. ಆದರೆ ಈ ಉಪಕರಣಗಳು ಹುಟ್ಟುವುದಕ್ಕೆ ಬಹಳ ಮೊದಲೇ ಈ ಪ್ರಶ್ನೆ ನಮ್ಮ ಕೃಷ್ಣಾ ತುಂಗಭದ್ರೆಯರ ನಡುವಣ ನೆಲದಲ್ಲಿ ಎದ್ದಿತ್ತು.

ಮಸ್ಕಿ, ಮುದಗಲ್ಲು, ಲಿಂಗಸುಗೂರು, ರಾಯಚೂರುಗಳ ಈ ದೋಆಬ ಪ್ರದೇಶಕ್ಕಾಗಿ ವಿಜಯನಗರಕ್ಕೂ ಬಹಮನಿ, ಆದಿಲಶಾಹಿ ಸುಲ್ತಾನರಿಗೂ ನಡೆದ ಕಾಳಗಗಳು ಒಂದೆರಡಲ್ಲ. ಅವುಗಳಲ್ಲಿ 1520ರ ರಾಯಚೂರಿನ ಯುದ್ಧ ಪ್ರಸಿದ್ಧವಾದುದು. ಅದರ ವಿವರ ನಮಗೆ ಸಿಕ್ಕಿರುವುದು ಮುಖ್ಯವಾಗಿ ಫೆರ್ನಾವ್ ನುನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯ ಬರವಣಿಗೆಯಿಂದ. ರಾಬರ್ಟ್ ಸಿವೆಲ್ಲರು ಅದನ್ನು ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದರು. ನುನಿಜ್ ಕೊಡುವ ಸೈನ್ಯದ ಲೆಕ್ಕವನ್ನು ಯಾರೂ ಅಕ್ಷರಶಃ ನಂಬುವುದಿಲ್ಲ. ಆದರೆ ಕೋಟೆ ಬಿದ್ದ ಬಗೆಯನ್ನು ಹೇಳುವಾಗ ಅವನ ಮಾತಿನಲ್ಲಿ ಕಣ್ಣಿಗೆ ಕಟ್ಟುವ ಸ್ಪಷ್ಟತೆಯಿದೆ.

ಬಯಲಿನ ಯುದ್ಧದಲ್ಲಿ ಇಸ್ಮಾಯಿಲ್ ಆದಿಲಶಾಹನು ತನ್ನ ಫಿರಂಗಿಗಳನ್ನೆಲ್ಲ ಒಮ್ಮೆಗೇ ಹಾರಿಸಿದನು. ಮುಂದಿನ ಸಾಲು ಚೆದರಿತು, ಬಹಳ ಜನ ಬಿದ್ದರು. ಆದರೆ ಫಿರಂಗಿಗಳಿಗೆ ಮತ್ತೆ ಮದ್ದು ತುಂಬುವುದರೊಳಗೆ ಕೃಷ್ಣದೇವರಾಯನು ತಾನೇ ಮುನ್ನುಗ್ಗಿ ದಿನವನ್ನು ತನ್ನದಾಗಿಸಿಕೊಂಡನು. ಅಷ್ಟಾದರೂ ರಾಯಚೂರಿನ ಕೋಟೆ ಬಗ್ಗಲಿಲ್ಲ. ರಾಯರ ಆಳುಗಳು ಹಾರೆ ಗುದ್ದಲಿ ಹಿಡಿದು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲು ಕೀಳುತ್ತಿದ್ದರು. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ನಾಯಕರು ಹಣ ಕೊಡುತ್ತಿದ್ದರಂತೆ. ಮೇಲಿನಿಂದ ಬಾಣ, ಗುಂಡು, ಕಲ್ಲುಗಳ ಮಳೆ. ಆ ಹಣಕ್ಕೆ ತೆತ್ತ ಪ್ರಾಣಗಳು ಎಷ್ಟೋ!

ಆಗ ಕ್ರಿಸ್ಟೋವಾವ್ ದ ಫಿಗ್ಯೂರೆಡೋ ಎಂಬ ಪೋರ್ಚುಗೀಸನು ಇಪ್ಪತ್ತು ಮಂದಿ ಕೋವಿಕಾರರೊಡನೆ ಅಲ್ಲಿದ್ದನು. ರಾಯನ ಅಪ್ಪಣೆ ಪಡೆದು ಅವನು ಕೋಟೆಯ ಸಮೀಪಕ್ಕೆ ಹೋದನು. ಕೋಟೆಯ ಕಾವಲಿನವರು ತೆನೆಗಳ ಮೇಲೆ ನಿರ್ಭಯವಾಗಿ ಮೈ ತೋರಿಸುತ್ತಿದ್ದರು. ಒಬ್ಬೊಬ್ಬನನ್ನೇ ಆಯ್ದು ಕೋವಿಯಿಂದ ಹೊಡೆಯುವುದನ್ನು ಅವರು ಕಂಡಿರಲಿಲ್ಲ. ಫಿಗ್ಯೂರೆಡೋವಿನ ಜನ ಹೀಗೆ ಹಲವರನ್ನು ಉರುಳಿಸಿದ ಮೇಲೆ ಗೋಡೆಯ ಮೇಲೆ ಯಾರೂ ನಿಲ್ಲದಾದರು. ಕೆಳಗೆ ಕಲ್ಲು ಕೀಳುವವರು ನಿರಾತಂಕವಾಗಿ ಕಿತ್ತರು. ಕೊನೆಗೆ, ಏನಾಗುತ್ತಿದೆ ಎಂದು ನೋಡಲು ಕೋಟೆಯ ಅಧಿಪತಿಯೇ ಕಿಂಡಿಯಿಂದ ಬಾಗಿದನು. ಗುಂಡು ಅವನ ಹಣೆಯ ನಡುವೆ ತಾಗಿತು. ಮರುದಿನ ಊರು ಶರಣಾಯಿತು. ಬಯಲಿನಲ್ಲಿ ಗರ್ಜಿಸಿದ ನೂರಾರು ಫಿರಂಗಿಗಳು ಮಾಡಲಾರದುದನ್ನು ಗುರಿ ಹಿಡಿದ ಇಪ್ಪತ್ತು ಕೋವಿಗಳು ಮಾಡಿದುವು. ಫಿರಂಗಿ ಗುಂಪಿನ ಮೇಲೆ ಹಾರುತ್ತದೆ. ಕೋವಿ ಒಂದು ಮುಖವನ್ನು ಹುಡುಕುತ್ತದೆ.

ಆ ಕಾಲಕ್ಕೆ ದುರ್ಬೀನು ಇನ್ನೂ ಹುಟ್ಟಿರಲಿಲ್ಲ. ಅದಕ್ಕೆ ಇನ್ನೂ ಎಂಟು ಒಂಬತ್ತು ದಶಕಗಳು ಬೇಕಾಗಿದ್ದುವು. ಆದರೂ ಫಿಗ್ಯೂರೆಡೋವಿನದು ದುರ್ಬೀನಿನ ಬೇಟೆಯೇ. ಗೋಡೆ ಅಲುಗುವುದಿಲ್ಲ, ದೂರ ಗೊತ್ತಿದೆ, ಕಾಯಲು ಬೇಕಾದಷ್ಟು ಹೊತ್ತಿದೆ, ಹೊಡೆಯುವವನ ಬೆನ್ನಿಗೆ ಒಂದು ಸೈನ್ಯವೇ ಇದೆ. ಅವನು ಮಾಡಬೇಕಾದುದಿಷ್ಟೆ: ಒಂದು ಕಿಂಡಿಯನ್ನು ಎವೆಯಿಕ್ಕದೆ ನೋಡುವುದು.

ಇದಕ್ಕೆ ತದ್ವಿರುದ್ಧವಾದ ಚಿತ್ರ ಕೃಷ್ಣೆಯ ಉತ್ತರಕ್ಕೆ, ಸುರಪುರದ ಬಳಿಯ ವಾಗಣಗೇರಿಯಲ್ಲಿ ಸಿಗುತ್ತದೆ. 1705ರಲ್ಲಿ, ಎಂಬತ್ತಾರರ ಮುದುಕ ಔರಂಗಜೇಬನು ತನ್ನ ಕಡೆಯ ಮುತ್ತಿಗೆಯನ್ನು ಹಾಕಿದುದು ಅಲ್ಲಿಯ ಬೇಡರ ದೊರೆ ಪಿಡ್ಡನಾಯಕನ ಮೇಲೆ. ಬೇಡರ ಕೋವಿಯ ಗುರಿ ಆ ಕಾಲದ ದಖ್ಖನಿನಲ್ಲೆಲ್ಲ ಹೆಸರಾಗಿತ್ತು. ಕೋಟೆಯೆದುರಿನ ಒಂದು ಗುಡ್ಡವನ್ನು ಮೊಗಲರು ಹಿಡಿದರು. ಆದರೆ ಬಂಡೆಗಳ ಸಂದಿನಿಂದ ಬಂದ ಗುಂಡು ಕಲ್ಲುಗಳ ಮುಂದೆ ಅದನ್ನು ಉಳಿಸಿಕೊಳ್ಳಲಾರದೆ ಹೋದರು. ಕಡೆಗೆ ಕೋಟೆ ಕೈಸೇರಿದಾಗ ನಾಯಕನು ಜಾರಿಹೋಗಿದ್ದನು. ಇಲ್ಲಿ ದೂರ ಗೊತ್ತಿಲ್ಲ, ಹೊತ್ತಿಲ್ಲ. ಶತ್ರು ಯಾವ ಬಂಡೆಯ ಹಿಂದಿನಿಂದ ಏಳುವನೋ ಹೇಳುವಂತಿಲ್ಲ. ಹೊಡೆಯುವವನು ಎರಡು ಕಣ್ಣನ್ನೂ ತೆರೆದು ಇಡೀ ಗುಡ್ಡವನ್ನು ನೋಡುತ್ತಿರಬೇಕು. ಕೋವಿ ಭುಜಕ್ಕೇರುವುದೂ ಗುರಿ ಕೂಡುವುದೂ ಒಂದೇ ಗಳಿಗೆಯಲ್ಲಿ ಆಗಬೇಕು. ಕೆಂಪು ಚುಕ್ಕೆಯು ಯಂತ್ರದಿಂದ ಮಾಡಿಕೊಡುವುದು ಇದನ್ನೇ. ಬೇಡರು ಅದನ್ನು ಬಾಲ್ಯದಿಂದ ಬಂದ ಅಭ್ಯಾಸದಿಂದ ಮಾಡುತ್ತಿದ್ದರು.

ಹಳೆಯ ಕೋವಿಯಲ್ಲಿ ಗುರಿಯ ಸಾಧನವೆಂದರೆ ನಳಿಗೆಯ ಹಿಂದುಗಡೆ ಒಂದು ಕಚ್ಚು, ಮುಂದುಗಡೆ ಒಂದು ಮೊನೆ. ಕಚ್ಚು, ಮೊನೆ, ಗುರಿ ಮೂರನ್ನೂ ಒಂದೇ ಗೆರೆಗೆ ತರಬೇಕು. ಕಷ್ಟವೆಂದರೆ ಈ ಮೂರೂ ಮೂರು ದೂರಗಳಲ್ಲಿವೆ, ನಮ್ಮ ಕಣ್ಣಾದರೋ ಒಂದು ಸಲಕ್ಕೆ ಒಂದು ದೂರವನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲುದು. ಮೊನೆಯನ್ನು ನೋಡಿದರೆ ಗುರಿ ಮಂಜಾಗುತ್ತದೆ. ಗುರಿಯನ್ನು ನೋಡಿದರೆ ಮೊನೆ ಕರಗುತ್ತದೆ. ನಲವತ್ತು ದಾಟಿದವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ಈ ಸಂಕಟಕ್ಕೆ ಮೊದಲ ಪರಿಹಾರ ದುರ್ಬೀನು. ಅಮೆರಿಕದಲ್ಲಿ 1840ರ ದಶಕದಲ್ಲಿಯೇ ನಳಿಗೆಯಷ್ಟು ಉದ್ದದ ದುರ್ಬೀನುಗಳನ್ನು ರೈಫಲಿನ ಮೇಲೆ ಕೂರಿಸಿದರು. 1861ರಿಂದ 65ರವರೆಗಿನ ಅಲ್ಲಿಯ ಅಂತರ್ಯುದ್ಧದಲ್ಲಿ ಅವು ಜನರನ್ನು ಕೊಂದುವು. ದುರ್ಬೀನಿನೊಳಗೆ ಗುರಿಯೂ ಅಡ್ಡಗೆರೆಗಳೂ ಒಂದೇ ದೂರದಲ್ಲಿರುವಂತೆ ತೋರುತ್ತವೆ, ಕಣ್ಣಿಗೆ ನಿರಾಳ. ಆದರೆ ದೊಡ್ಡದಾಗಿಸುವುದಕ್ಕೆ ಬೆಲೆಯುಂಟು. ಹತ್ತು ಮಡಿ ದೊಡ್ಡದಾಗಿಸುವ ದುರ್ಬೀನಿನಲ್ಲಿ ನೂರು ಮೀಟರ್ ಆಚೆ ಕಾಣುವ ನೆಲದ ಅಗಲ ಸುಮಾರು ನಾಲ್ಕು ಮೀಟರ್ ಮಾತ್ರ. ಅದರಾಚೆಗೆ ಏನು ನಡೆದರೂ ಅದು ಕುರುಡು. ಗುರಿ ಹಿಗ್ಗಿದಂತೆ ಕೈಯ ನಡುಕವೂ ಹಿಗ್ಗಿ ಕಾಣುತ್ತದೆ. ಕಣ್ಣು ಗಾಜಿನಿಂದ ಸುಮಾರು ಒಂಬತ್ತು ಸೆಂಟಿಮೀಟರ್ ಹಿಂದೆ, ಸರಿಯಾದ ಜಾಗದಲ್ಲಿಯೇ ಇರಬೇಕು. ಕೊಂಚ ಸರಿದರೆ ನೋಟದ ಸುತ್ತ ಕತ್ತಲೆ ಕವಿಯುತ್ತದೆ, ತೀರ ಮುಂದಾದರೆ ಬಂದೂಕಿನ ಒದೆತಕ್ಕೆ ಹುಬ್ಬು ಸೀಳುತ್ತದೆ. ಮಬ್ಬುಗತ್ತಲಲ್ಲಿಯೂ ಇದೇ ಲೆಕ್ಕ. ನಲವತ್ತು ಮಿಲಿಮೀಟರ್ ಅಗಲದ ಗಾಜು ನಾಲ್ಕು ಮಡಿಯಲ್ಲಿ ಹತ್ತು ಮಿಲಿಮೀಟರ್ ಅಗಲದ ಬೆಳಕಿನ ಕಂಬವನ್ನು ಕಣ್ಣಿಗೆ ಕೊಡುತ್ತದೆ, ಹತ್ತು ಮಡಿಯಲ್ಲಿ ನಾಲ್ಕೇ ಮಿಲಿಮೀಟರ್.

ಎರಡನೆಯ ಪರಿಹಾರದ ಕಥೆ ಸ್ವಾರಸ್ಯವಾದುದು. ಡಬ್ಲಿನ್ನಿನ ಹೋವರ್ಡ್ ಗ್ರಬ್ ಎಂಬಾತ ಖಗೋಲ ದರ್ಶನದ ಭಾರಿ ದೂರದರ್ಶಕಗಳನ್ನು ಮಾಡುವುದರಲ್ಲಿ ಜಗತ್ಪ್ರಸಿದ್ಧ. 1901ರಲ್ಲಿ ಹೈದರಾಬಾದಿನ ನವಾಬ ಜಫರ್ ಜಂಗರು ತಮ್ಮ ವೀಕ್ಷಣಾಲಯಕ್ಕೆ ತರಿಸಿದ ಹದಿನೈದು ಅಂಗುಲದ ದೂರದರ್ಶಕ ಗ್ರಬ್ಬನ ಕಾರ್ಖಾನೆಯದೇ. ಆಗ ಮಸ್ಕಿಯೂ ಅದೇ ನಿಜಾಮ ಸಂಸ್ಥಾನದ ಒಂದು ಹಳ್ಳಿ. ನಕ್ಷತ್ರಗಳನ್ನು ದೊಡ್ಡದಾಗಿಸಿ ತೋರಿಸುವುದನ್ನೇ ಕಸುಬಾಗಿಸಿಕೊಂಡಿದ್ದ ಈ ಮನುಷ್ಯ, 1900ರಲ್ಲಿ, ಏನನ್ನೂ ದೊಡ್ಡದು ಮಾಡದ ಒಂದು ಗುರಿಗಾಜಿಗೆ ಹಕ್ಕುಪತ್ರ ಪಡೆದನು. ಒಂದು ಗುರುತಿನಿಂದ ಹೊರಟ ಕಿರಣಗಳನ್ನು ಸಮಾನಾಂತರವಾಗಿ ತಿದ್ದಿ, ಪಾರದರ್ಶಕ ಗಾಜಿನಿಂದ ಕಣ್ಣಿಗೆ ಮರಳಿಸಿದರೆ, ಆ ಗುರುತು ಅನಂತ ದೂರದಲ್ಲಿ ತೇಲುವಂತೆ ಕಾಣುತ್ತದೆ. ಗಾಜಿನ ಮೂಲಕ ಕಾಣುವ ಲೋಕ ಇದ್ದಂತೆಯೇ ಇರುತ್ತದೆ. ಎರಡು ಕಣ್ಣನ್ನೂ ತೆರೆದಿಡಬಹುದು. ತಲೆ ತುಸು ಅತ್ತಿತ್ತ ಸರಿದರೂ ಗುರುತು ಗುರಿಯಿಂದ ಹೆಚ್ಚು ಸರಿಯುವುದಿಲ್ಲ. ಮೊದಲು ಇದು ಯುದ್ಧವಿಮಾನಗಳಿಗೆ ಒದಗಿತು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಎಂಬ ಸಂಸ್ಥೆ ವಿದ್ಯುತ್ತಿನ ಕೆಂಪು ಬೆಳಕನ್ನು ಅದಕ್ಕೆ ಕೂಡಿಸಿ ಕೈಬಂದೂಕಿಗೆ ತಂದಿತು.

ಚುಕ್ಕೆಗೂ ಮಿತಿಯುಂಟು. ನಮ್ಮ ಜ್ಯೋತಿಷಿಗಳು ಅಂಶವನ್ನು ಅರವತ್ತು ಪಾಲು ಮಾಡಿ ಒಂದನ್ನು ಕಲೆ ಎಂದರಲ್ಲವೆ? ಚುಕ್ಕೆಯ ಅಳತೆಯೂ ಆ ಕಲೆಗಳಲ್ಲಿಯೇ. ನೂರು ಮೀಟರಿನಲ್ಲಿ ಒಂದು ಕಲೆ ಸುಮಾರು 3 ಸೆಂಟಿಮೀಟರ್. ಎರಡು ಕಲೆಯ ಚುಕ್ಕೆ ನೂರು ಮೀಟರಿನಲ್ಲಿ 6 ಸೆಂಟಿಮೀಟರ್ ಮುಚ್ಚಿದರೆ, ಮುನ್ನೂರರಲ್ಲಿ 17 ಸೆಂಟಿಮೀಟರ್ ಮುಚ್ಚುತ್ತದೆ, ಎಂದರೆ ಒಬ್ಬ ಮನುಷ್ಯನ ಮುಖದಷ್ಟು. ಬಾಗಿ ನೋಡಿದವನು ಅಧಿಪತಿಯೋ ಅವನಿಗೆ ನೀರು ತಂದ ಹುಡುಗನೋ ಎಂಬುದನ್ನು ಅದು ಹೇಳಲಾರದು. ಬ್ಯಾಟರಿ ಮುಗಿದರೆ ಚುಕ್ಕೆಯೂ ಮುಗಿಯಿತು. ಕಣ್ಣಿನ ಗೋಳ ಸಮನಾಗಿಲ್ಲದವರಿಗೆ ಅದು ದುಂಡಗೆ ಕಾಣದೆ ಒಡೆದ ನಕ್ಷತ್ರದಂತೆ ಕಾಣುತ್ತದೆ.

ಹೀಗೆ ನೋಡಿದರೆ ಇವೆರಡರ ನಡುವಣ ಆಯ್ಕೆ ಒಳ್ಳೆಯದು ಕೆಟ್ಟದ್ದರ ಆಯ್ಕೆಯಲ್ಲ. ಯಾವ ಅಜ್ಞಾನವನ್ನು ಒಪ್ಪಿಕೊಳ್ಳುತ್ತೇವೆ ಎಂಬ ಆಯ್ಕೆ. ದುರ್ಬೀನಿನವನು ಸುತ್ತಲನ್ನು ಕಾಣದಿರಲು ಒಪ್ಪುತ್ತಾನೆ. ಚುಕ್ಕೆಯವನು ದೂರದ ವಿವರವನ್ನು ಕಾಣದಿರಲು ಒಪ್ಪುತ್ತಾನೆ. ಸುತ್ತಲನ್ನು ಕಾಣುವ ಕಣ್ಣಿನ ಬೆಲೆಯನ್ನು ಮಸ್ಕಿಯವರಿಗೆ ಹೇಳಬೇಕಾದುದಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಅಲ್ಲಿಯ ಗುಡ್ಡಗಳಲ್ಲಿ ಚಿನ್ನವನ್ನು ಹುಡುಕುತ್ತಿದ್ದಾಗ ಬಂಡೆಯೊಂದರ ಮೇಲಿನ ಅಕ್ಷರಗಳನ್ನು ಕಂಡರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಸಿಕ್ಕ ಮೊದಲ ಶಾಸನ ಅದು. ಚಿನ್ನದ ಗೆರೆಯ ಮೇಲೆ ಮಾತ್ರ ಕಣ್ಣು ನೆಟ್ಟಿದ್ದರೆ ಅವರು ಅದನ್ನು ದಾಟಿ ಹೋಗುತ್ತಿದ್ದರು.

ಎರಡನ್ನೂ ಬೇಡವೆನ್ನುವ ಮೂರನೆಯ ದಾರಿಯೂ ಇದೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಹಿಂದೆ ಒಂದು ಸಣ್ಣ ರಂಧ್ರ, ಮುಂದೆ ಒಂದು ಬಳೆ, ಅದರಾಚೆ ಅರ್ಧ ಮಿಲಿಮೀಟರಿನ ನಡುಬಿಂದು. ಮಿಕ್ಕುದು ಉಸಿರಿನ ಕೆಲಸ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟದಲ್ಲಿಯೂ ಮೆಚ್ಚುಗೆ ಬಂದೂಕಿಗಲ್ಲ, ಹೊಡೆದವನ ಕಣ್ಣಿಗೆ.

ಆಟದಲ್ಲಿ ತಪ್ಪಿದರೆ ತೆಂಗಿನಕಾಯಿ ಉಳಿಯುತ್ತದೆ. ಎಲ್ಲ ಕಡೆಯೂ ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ನಮ್ಮ ಕಾಡುಗಳಲ್ಲಿ ಕಾನೂನಿನ ಕೈಯಲ್ಲಿರುವ ಬಂದೂಕು ಹೆಚ್ಚಾಗಿ ಕೊಲ್ಲುವುದಕ್ಕಲ್ಲ, ಅರಿವಳಿಕೆ ಮದ್ದನ್ನು ಚುಚ್ಚುವುದಕ್ಕೆ. ಅದರ ಸೂಜಿ ಕೆಲವೇ ಹತ್ತು ಮೀಟರು ಸರಿಯಾಗಿ ಹಾರುತ್ತದೆ. ಹೊಡೆಯುವವನು ಆನೆಯ ಹತ್ತಿರಕ್ಕೇ ಹೋಗಬೇಕು. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮನೆಂಬ ಕಾಡಾನೆಗೆ ಚಿಕಿತ್ಸೆ ಮಾಡಿಸಲು ಹೀಗೆ ಹೋದ ನುರಿತ ಗುರಿಕಾರರೊಬ್ಬರು ತಿರುಗಿಬಿದ್ದ ಆ ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರು. ಈ ಕೆಲಸದಲ್ಲಿ ಸೂಜಿ ನಾಟುವ ಜಾಗವನ್ನೂ ಕಾಣಬೇಕು, ಆನೆಯ ಕಿವಿಯನ್ನೂ ಕಾಣಬೇಕು, ಹಿಂದಕ್ಕೆ ಓಡುವ ದಾರಿಯನ್ನೂ ಕಾಣಬೇಕು. ಇದು ವಾಗಣಗೇರಿಯ ಕಣ್ಣಿನ ಕೆಲಸ, ರಾಯಚೂರಿನ ಕಣ್ಣಿನದಲ್ಲ.

ಒಂದರಿಂದ ಆರು ಮಡಿಯವರೆಗೆ ಬೇಕಾದಂತೆ ತಿರುಗಿಸಿಕೊಳ್ಳುವ ದುರ್ಬೀನುಗಳೂ, ಚುಕ್ಕೆಯ ಹಿಂದೆ ಬೇಕಾದಾಗ ಮಡಿಸಿ ತರಬಹುದಾದ ಹಿಗ್ಗುಗಾಜುಗಳೂ ಈಗ ಬಂದಿವೆ. ಎರಡು ಕಣ್ಣನ್ನು ಒಂದೇ ಯಂತ್ರದಲ್ಲಿ ಕೂಡಿಸುವ ಪ್ರಯತ್ನ ಇವು. ಭಾರ ಹೆಚ್ಚು, ಬೆಲೆ ಹೆಚ್ಚು, ತಿರುಗಿಸುವುದಕ್ಕೆ ಒಂದು ಗಳಿಗೆಯೂ ಬೇಕು. ಆದುದರಿಂದ ಹಳೆಯ ಲೆಕ್ಕವೇ ಇಂದಿಗೂ ಸಲ್ಲುತ್ತದೆ. ನೂರು ಮೀಟರಿನೊಳಗೆ, ಅಲುಗುವ ಗುರಿಗೆ, ಅವಸರದ ಹೊತ್ತಿಗೆ ಚುಕ್ಕೆ. ಅದಕ್ಕಾಚೆಗೆ, ನಿಂತ ಗುರಿಗೆ, ತಾಳ್ಮೆಯ ಹೊತ್ತಿಗೆ ದುರ್ಬೀನು; ಅದರಲ್ಲಿಯೂ ಬೇಕಾದುದಕ್ಕಿಂತ ಒಂದು ಮಡಿ ಕಡಿಮೆಯೇ ಇರಲಿ. ಯಾವುದನ್ನು ಹಿಡಿದರೂ ಕುದುರೆ ಎಳೆಯುವ ಮುನ್ನ ಗಾಜಿನಿಂದ ಒಮ್ಮೆ ಮುಖವೆತ್ತಿ ಬರಿಗಣ್ಣಿನಿಂದ ಸುತ್ತ ನೋಡುವುದು ಒಳ್ಳೆಯದು.